ಬರಿ ಅಂಗೈಯ ಪೂಜೆ

ಶರಣ ಬಂಧುಗಳಿಗೆ ನ್ಯಾಮತಿಯ ಗಿರಿಜಮ್ಮ ಕೈಮುಗಿದು ಬರೆಯುವುದು. ಎಮರ್ಜೆನ್ಸಿ ಮುಗಿದು ಚುನಾವಣೆ ನಡೆದ ಮರುವರ್ಷದ ಶ್ರಾವಣದಲ್ಲಿ, ನನ್ನ ಮೂರನೆಯ ಬಸಿರೂ ಕೈತಪ್ಪಿ ಹೋಗುವ ಹಂತಕ್ಕೆ ಬಂದಿತ್ತು. ಮೊದಲಿನ ಎರಡು ಅರ್ಧಕ್ಕೇ ಇಳಿದುಹೋಗಿದ್ದವು. ಇದೊಂದು ಎಂಟು ತಿಂಗಳು ತುಂಬುವವರೆಗೆ ನಿಂತು, ಮನೆಯವರೆಲ್ಲ ಇನ್ನೇನು ನೆಮ್ಮದಿಯ ಉಸಿರು ಬಿಡಬೇಕು ಅನ್ನುವಾಗ ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದವಳಿಗೆ ಕಾಲ ಬಳಿ ಬೆಚ್ಚಗಾದಂತಾಯಿತು. ಬಗ್ಗಿ ನೋಡಿದರೆ ರಕ್ತ. ಹಂಚಿನ ಮೇಲಿನ ರೊಟ್ಟಿಯನ್ನು ಮೊಗಚಿ ಹಾಕಿ, ಒಲೆಯ ಸೌದೆ ಹೊರಗೆಳೆದು, ಆಮೇಲೆ ಅತ್ತೆಯವರನ್ನು ಕರೆದೆ. ಆ ಹೊತ್ತಿನಲ್ಲೂ ರೊಟ್ಟಿ ಸೀಯಬಾರದು ಅನ್ನಿಸಿತ್ತು ನನಗೆ. ನಾನು ಎಂಥವಳು ಎನ್ನುವುದು ಇದರಿಂದಲೇ ನಿಮಗೆ ಅರ್ಥವಾಗಬಹುದು.

ನನ್ನ ತವರು ಜಗಳೂರು ಕಡೆಯ ಬಿಳಿಚೋಡು. ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮ ತಂಗಿಯರನ್ನು ಬೆಳೆಸಿದ್ದು ನಾನೇ. ಮಳೆ ಬರುವ ಮೊದಲೇ ಒಲೆಯ ಕುಳ್ಳು ಒಳಗಿಡಬೇಕು, ಜ್ವರ ಬರುವ ಮೊದಲೇ ಕಷಾಯಕ್ಕೆ ಸಾಮಾನು ಇರಬೇಕು, ಹೀಗೆ ಎಲ್ಲವನ್ನೂ ಮುಂಚೆಯೇ ಹಿಡಿದಿಟ್ಟುಕೊಳ್ಳುವ ಅಭ್ಯಾಸ ಮೈಗಂಟಿಬಿಟ್ಟಿತ್ತು. ನ್ಯಾಮತಿಗೆ ಸೊಸೆಯಾಗಿ ಬಂದ ಮೇಲೂ ಅದು ಹೋಗಲಿಲ್ಲ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಅದರ ಬೆಲ್ಟು ಯಾವಾಗ ಬದಲಾಯಿಸಬೇಕು ಎಂದು ಹೇಳುವವಳೂ ನಾನೇ. "ನಮ್ಮ ಮನ್ಯಾಗೆ ಎರಡು ಗಿರಣಿ ಅದಾವೆ ನೋಡ್ರಿ. ಒಂದಾದ್ರೂ ಸಂಜಿಗೆ ನಿಲ್ತೈತೆ" ಎಂದು ಅವರು ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಮಾತೇನೂ ಸುಳ್ಳಲ್ಲ.

ಅತ್ತೆ ಬಸಮ್ಮನವರದು ನನಗೆ ಪೂರ್ತಿ ಉಲ್ಟಾ ಸ್ವಭಾವ. ಮಾತು ಕಡಿಮೆ, ಆಚಾರ ಹೆಚ್ಚು. ಬೆಳಗ್ಗೆ ಲಿಂಗಪೂಜೆ ಆಗದೆ ತೊಟ್ಟು ನೀರು ಬಾಯಿಗೆ ಹಾಕುತ್ತಿರಲಿಲ್ಲ. ಅಡುಗೆಮನೆಯಲ್ಲಿ ನನ್ನ ಕಾರುಬಾರನ್ನೆಲ್ಲ ಸುಮ್ಮನೆ ಸಹಿಸಿಕೊಂಡಿದ್ದರು. ಲಿಂಗದ ವಿಷಯದಲ್ಲಿ ಮಾತ್ರ ಒಂದಿಷ್ಟೂ ಅತ್ತಿತ್ತ ಆಗಲು ಬಿಡುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಬಸುರಿಗೆ ಎಂಟನೇ ತಿಂಗಳು ಬಂದಾಗ ಮಠದ ಅಯ್ಯನವರು ಬಂದು, ಹೊಟ್ಟೆಯೊಳಗಿನ ಮಗುವಿಗೆಂದು ಇನ್ನೊಂದು ಲಿಂಗವನ್ನು ತಾಯಿಯ ಕೊರಳಿಗೆ ಕಟ್ಟಿಸುತ್ತಾರೆ. ಹುಟ್ಟಿದ ಮೇಲೆ ಅದು ಮಗುವಿನದು. ಅಲ್ಲಿಯವರೆಗೆ ತಾಯಿಯ ಎದೆಯ ಮೇಲೆ ಎರಡು ಲಿಂಗ. ಒಬ್ಬರಿಗೆ ಕೊಟ್ಟ ಲಿಂಗ ಸಾಯುವವರೆಗೂ ಅವರದೇ, ಇನ್ನೊಬ್ಬರು ಧರಿಸುವಂತಿಲ್ಲ. ನನ್ನ ಲಿಂಗದ ಕಂತಿ, ಎಂದರೆ ಮೇಲಿನ ಕಪ್ಪು ಲೇಪ, ಬಿರುಕು ಬಿಟ್ಟಿತ್ತು. ಅಯ್ಯನವರು ಮಗುವಿನ ಲಿಂಗ ತರುವಾಗ ನನ್ನದಕ್ಕೂ ಹೊಸ ಕಂತಿ ಕಟ್ಟಿಸಿ ತಂದುಕೊಟ್ಟರು. ಎರಡೂ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು. ಗುರುತಿಗಿರಲಿ ಎಂದು ನನ್ನದನ್ನು ಕೆಂಪು ವಸ್ತ್ರದಲ್ಲಿ, ಮಗುವಿನದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಂಡೆ.

ಹೆರಿಗೆಗೆ ಹೊನ್ನಾಳಿಯ ಆಸ್ಪತ್ರೆ ಎಂದು ನಾನು ಗೊತ್ತುಮಾಡಿಟ್ಟಿದ್ದೆ. ಯಾವ ಬಸ್ಸಿಗೆ ಹೋಗಬೇಕು, ಚೀಲದಲ್ಲಿ ಏನೇನಿರಬೇಕು, ನಾನಿಲ್ಲದಾಗ ಮನೆಯಲ್ಲಿ ಯಾರು ಏನು ಮಾಡಬೇಕು, ಎಲ್ಲ ತೀರ್ಮಾನವಾಗಿತ್ತು. ಆದರೆ ಯಜಮಾನರು ಆ ದಿನವೇ ಗಿರಣಿಯ ಸಾಮಾನು ತರಲು ಚನ್ನಗಿರಿಗೆ ಹೋಗಿದ್ದರು. ಪಕ್ಕದ ಮನೆಯವರ ಗಾಡಿಯಲ್ಲಿ ಅತ್ತೆಯವರ ತೊಡೆಯ ಮೇಲೆ ತಲೆಯಿಟ್ಟು ಬಸ್‌ ಸ್ಟ್ಯಾಂಡಿಗೆ ಬಂದರೆ ಹೊನ್ನಾಳಿಯ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಸವಳಂಗದ ಮೇಲೆ ಶಿವಮೊಗ್ಗೆಗೆ ಹೋಗುವ ಬಸ್ಸು ನಿಂತಿತ್ತು.

"ಇದಕ್ಕೇ ಹತ್ತಾಣ" ಎಂದರು ಅತ್ತೆ.

"ಬ್ಯಾಡ್ರಿ ಅತ್ತೆ. ಹೊನ್ನಾಳಿ ಡಾಕ್ಟ್ರಿಗೆ ನಮ್ಮ ಗುರ್ತು ಐತೆ. ಇನ್ನೊಂದು ಬಸ್ಸು ಬರ್ತೈತೆ, ಕಾಯಾಣ" ಎಂದೆ. ಅಷ್ಟು ನೋವಿನಲ್ಲೂ ನನ್ನದೇ ನಡೆಯಬೇಕು.

ಅತ್ತೆ ನನ್ನ ಮಾತಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಗಿರಿಜಾ, ಬಸ್ಸು ನೀನು ಅಂದಂಗೆ ಬರಲ್ಲ. ಯಾವ್ದು ಬಂದೈತೋ ಅದನ್ನ ಹತ್ತಾದು" ಎಂದವರೇ ರಟ್ಟೆ ಹಿಡಿದು ಎಬ್ಬಿಸಿದರು. ಕಂಡಕ್ಟರು ಹಿಂದಿನ ಉದ್ದ ಸೀಟನ್ನು ಖಾಲಿ ಮಾಡಿಸಿಕೊಟ್ಟ. ಸವಳಂಗದಲ್ಲಿ ಜನ ಇಳಿದದ್ದೇ ತಡ, ಚಹಾಕ್ಕೂ ನಿಲ್ಲದೆ ಬಸ್ಸು ಹೊರಟಿತು. ದಾರಿಯುದ್ದಕ್ಕೂ ನಾನು ಕೊರಳಿನ ಎರಡು ಗಂಟುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮಗು ಉಳಿಸಿಕೊಟ್ಟರೆ ಇಂಥ ಮಠಕ್ಕೆ ಇದು, ಇಂಥ ಗುಡಿಗೆ ಅದು ಎಂದು ಹರಕೆಗಳನ್ನು ಹೊರುತ್ತಲೇ ಬಂದೆ. ಶಿವನ ಜೊತೆಯೂ ಸಂತೆಯ ವ್ಯಾಪಾರ ನಡೆದಿತ್ತು.

ಶಿವಮೊಗ್ಗೆಯ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನೋಡಿದ ತಕ್ಷಣ ಆಪರೇಷನ್ ಎಂದರು. ಅತ್ತೆಯವರನ್ನು ಪಕ್ಕಕ್ಕೆ ಕರೆದು, "ತಾಯಿ, ಮಗು ಇಬ್ಬರೂ ಕಷ್ಟದಲ್ಲಿದ್ದಾರೆ. ಕೈಲಾದದ್ದು ಮಾಡ್ತೀವಿ" ಎಂದದ್ದು ನನಗೂ ಕೇಳಿಸಿತು. ಚಕ್ರದ ಮಂಚದ ಮೇಲೆ ತಳ್ಳಿಕೊಂಡು ಹೋಗಿ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಬಳೆ ತೆಗೆದಾಯಿತು, ಓಲೆ ತೆಗೆದಾಯಿತು, ತಾಳಿಯನ್ನೂ ಬಿಚ್ಚಿ ಅತ್ತೆಗೆ ಕೊಟ್ಟೆ. ವಯಸ್ಸಾದ ಸಿಸ್ಟರ್ ಒಬ್ಬರು ನನ್ನ ಕೊರಳಿನ ಶಿವದಾರಕ್ಕೆ ಕೈಯಿಟ್ಟರು. "ಇದನ್ನೂ ತೆಗೀಬೇಕಮ್ಮ."

ನಾನು ಅವರ ಕೈಯನ್ನು ಸರಿಸಿದೆ. "ಪ್ರಾಣ ಹೋದ್ರೂ ಇದನ್ನ ತೆಗೆಯಂಗಿಲ್ಲ."

ಆ ತಾಯಿ ಸಿಟ್ಟಾಗಲಿಲ್ಲ. "ನಿಮ್ಮ ದೇವರಿಗೆ ನಾವೇನೂ ಮಾಡಲ್ಲಮ್ಮ. ಒಳಗೆ ಕೊರಳಲ್ಲಿ ದಾರ ಇರಬಾರದು, ಅಷ್ಟೇ. ನನ್ನ ಶಿಲುಬೆನೂ ತೆಗೆದಿಟ್ಟೇ ನಾನು ಒಳಗೆ ಹೋಗೋದು" ಎಂದರು. ಒಳಗಿನಿಂದ ಯಾರೋ ಬೇಗ ಬೇಗ ಎನ್ನುತ್ತಿದ್ದರು. ನಾನು ಎರಡು ಗಂಟುಗಳನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅವುಗಳನ್ನು ಬಿಟ್ಟರೆ ನನ್ನ ಮಗುವನ್ನೇ ಬಿಟ್ಟಂತೆ ಎನ್ನಿಸುತ್ತಿತ್ತು.

ಆಗ ಅತ್ತೆ ಮುಂದೆ ಬಂದು ಎಡಗೈ ಚಾಚಿದರು. "ನಂಗೆ ಕೊಡು ಗಿರಿಜಾ. ನಾನು ಕೊರಳಿಗೆ ಹಾಕ್ಕಳಲ್ಲ, ನೆಲಕ್ಕೂ ಇಡಲ್ಲ. ನೀನು ಹೊರಗೆ ಬರೋ ತನ್ಕ ನನ್ನ ಅಂಗೈ ಮ್ಯಾಲೆ ಇರ್ತಾವೆ."

ಇನ್ನೊಬ್ಬರ ಲಿಂಗದ ವಸ್ತ್ರ ತಾಗಿದರೂ ಹಿಂದೆ ಸರಿಯುತ್ತಿದ್ದ ಹೆಂಗಸು ಅವರು. ಅಂಥವರು ಕೈ ಚಾಚಿ ನಿಂತದ್ದನ್ನು ನೋಡಿ ನನ್ನ ಬೆರಳು ತಾನಾಗಿ ಸಡಿಲವಾಯಿತು. ಕೆಂಪು ಗಂಟು, ಬಿಳಿ ಗಂಟು, ಎರಡನ್ನೂ ಅವರ ಅಂಗೈಗೆ ಇಟ್ಟೆ. ಒಳಗೆ ಮೂಗಿಗೆ ಔಷಧಿ ಹಿಡಿದಾಗ ಓಂ ನಮಃ ಶಿವಾಯ ಎನ್ನಲು ಹೋಗಿ ಪೂರ್ತಿ ಆಗಲಿಲ್ಲ.

ಎಚ್ಚರವಾದಾಗ ವಾರ್ಡಿನ ಕಿಟಕಿಯಲ್ಲಿ ಬೆಳಕಾಗಿತ್ತು. ಹೆಣ್ಣುಮಗು ಎಂದರು. ಬದುಕಿದೆ ಎಂದರು, ಆದರೆ ದನಿ ತಗ್ಗಿಸಿ ಹೇಳಿದರು. ಚನ್ನಗಿರಿಯಿಂದ ಬಂದು ಮನೆಗೆ ಬೀಗ ಕಂಡ ಯಜಮಾನರು ಅಕ್ಕಪಕ್ಕದವರನ್ನು ಕೇಳಿ ಓಡಿಬಂದಿದ್ದರು. ಗಡ್ಡ ಬೋಳಿಸದ ಮುಖದಲ್ಲಿ ನಗು ತರಿಸಿಕೊಳ್ಳಲು ನೋಡಿದರು, ಬರಲಿಲ್ಲ. ಡಾಕ್ಟರಮ್ಮ ನನಗೆ ಹೇಳಿದ ಮೊದಲ ಮಾತು ಈಗಲೂ ನೆನಪಿದೆ. "ನೇರವಾಗಿ ಇಲ್ಲಿಗೆ ಬಂದಿರಿ, ಒಳ್ಳೇದಾಯ್ತು. ಬೇರೆ ಎಲ್ಲಾದರೂ ಹೋಗಿ ಇಲ್ಲಿಗೆ ಬರುವಷ್ಟು ಹೊತ್ತು ನಿಮಗಿರಲಿಲ್ಲ." ತಪ್ಪಿಹೋದ ಹೊನ್ನಾಳಿ ಬಸ್ಸನ್ನು ನಾನು ದಾರಿಯುದ್ದಕ್ಕೂ ಶಪಿಸಿದ್ದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು, ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತೂ ಆಡಲಿಲ್ಲ.

ಮಗುವನ್ನು ಹತ್ತಿಯಲ್ಲಿ ಸುತ್ತಿ ಬೇರೆ ಕೋಣೆಯಲ್ಲಿ ಬಲ್ಬಿನ ಕಾವಿಗೆ ಮಲಗಿಸಿದ್ದರು. ನನ್ನ ಬಳಿ ತಂದಾಗ ನೋಡಿದೆ. ಮುಖ ನನ್ನ ಮುಷ್ಟಿಯಷ್ಟಿತ್ತು. ಎದೆಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ಸಿಸ್ಟರ್ ಹಾಲು ಹಿಂಡಿಸಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರು. ಅಷ್ಟೂ ಕಟವಾಯಿಯಿಂದ ಹೊರಗೆ ಹರಿಯಿತು. "ಎಳೆಯಾಕೆ ಬಲ ಬರಬೇಕಮ್ಮ. ಎಳ್ಕೊಂಡರೆ ಉಳೀತಾಳೆ" ಎಂದರು.

ಮರುದಿನವೂ ಎಳೆಯಲಿಲ್ಲ. ಅದರ ಮರುದಿನ ಅಳುವ ದನಿಯೂ ಸಣ್ಣದಾಯಿತು. ನಾನು ಹಾಸಿಗೆಯಿಂದಲೇ ಎಲ್ಲರನ್ನೂ ಓಡಾಡಿಸಿದೆ. ಬಲ್ಬು ಹತ್ತಿರ ಸರಿಸಿ, ಹತ್ತಿ ಬದಲಿಸಿ, ಯಜಮಾನರೇ ನೀವು ಹೋಗಿ ನೋಡಿ ಬನ್ನಿ, ಅತ್ತೆ ನೀವು ಅಲ್ಲೇ ಕೂತಿರಿ. ನಾನು ಹೇಳಿದ್ದನ್ನೆಲ್ಲ ಎಲ್ಲರೂ ಮಾಡಿದರು. ಮಗು ಮಾತ್ರ ನನ್ನ ಮಾತು ಕೇಳಲಿಲ್ಲ. ಮಗು ತಣ್ಣಗಾಗುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು.

ಇದರ ನಡುವೆ ಇನ್ನೊಂದು. ಎಚ್ಚರವಾದಾಗಿನಿಂದ ನಾನು ನನ್ನ ಲಿಂಗ ಕೇಳುತ್ತಿದ್ದೆ. ಮೊದಲು ಅತ್ತೆ, "ಮೈಯಾಗೆ ಇನ್ನೂ ಔಷಧಿ ವಾಸನಿ ಐತೆ, ಆಮ್ಯಾಲೆ ಕಟ್ಟಾಣ" ಎಂದರು. ಆಮೇಲೆ ಹೊಲಿಗೆ ಹಸಿಯಿದೆ ಎಂದರು. ಮತ್ತೆ ಕೇಳಿದರೆ ಮುಖ ತಿರುಗಿಸಿ ನೀರು ತರಲು ಹೋಗಿಬಿಡುತ್ತಿದ್ದರು. ಪೂಜೆ ಇಲ್ಲದೆ ನಾನು ಹೇಗೆ ಉಣ್ಣಲಿ ಎಂದು ಕೂಗಾಡಿದ್ದಕ್ಕೆ, ಆಚಾರದ ಆ ಹೆಂಗಸು, "ಆಪತ್ಕಾಲ ಇದು, ಉಣ್ಣು" ಎಂದು ತಾವೇ ಗಂಜಿ ಕುಡಿಸಿದರು. ಎಲ್ಲೋ ಕಳೆದುಬಿಟ್ಟಿದ್ದಾರೆ ಎಂಬ ಅನುಮಾನ ನನ್ನನ್ನು ಕೊರೆಯತೊಡಗಿತು.

ನಾಲ್ಕನೆಯ ದಿನ ಬೆಳಗ್ಗೆ ಸಿಸ್ಟರ್ ಮಗುವನ್ನು ನೋಡಿ ಬಂದು ನನ್ನ ತಲೆ ಸವರಿ ಹೋದರು. ಯಜಮಾನರು ಹೊರಗೆ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ಎದ್ದು ಕೂತೆ. ದಿನವೂ ಆ ಹೊತ್ತಿಗೆ ಪೂಜೆಗೆ ಕೂತ ಅಭ್ಯಾಸ. ಎಡಗೈ ತಾನಾಗಿ ಎದೆಯ ಮಟ್ಟಕ್ಕೆ ಬಂತು, ಅಂಗೈ ತೆರೆದುಕೊಂಡಿತು. ಅಂಗೈಯಲ್ಲಿ ಏನೂ ಇರಲಿಲ್ಲ.

ಬಂಧುಗಳೇ, ಆ ಬರಿ ಅಂಗೈಯನ್ನು ನೋಡಿ ನಾನು ಮನಸಾರೆ ಅತ್ತುಬಿಟ್ಟೆ. ಹರಕೆ ಹೊರೋಣವೆಂದರೆ ಎಲ್ಲ ಹರಕೆಗಳೂ ಬಸ್ಸಿನಲ್ಲೇ ಮುಗಿದುಹೋಗಿದ್ದವು. ಹೇಳಿಕೊಡುವುದಕ್ಕೆ, ಆಜ್ಞೆ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. "ಶಿವನೇ, ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಇನ್ನು ತಿಳಿಯದು. ಅವಳು ನಿನ್ನವಳು. ನನ್ನ ಹತ್ತಿರ ಇಟ್ಟರೂ ನಿನ್ನ ಹತ್ತಿರ ಇಟ್ಟುಕೊಂಡರೂ ಅವಳಿಗೆ ಚಳಿಯಾಗದ ಹಾಗೆ ನೋಡಿಕೊ" ಎಂದೆ. ಅದಕ್ಕಿಂತ ಹೆಚ್ಚು ಬರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಮಗು ಹೋಗಬಹುದು ಎಂಬ ಭಯ ಹಾಗೆಯೇ ಇತ್ತು, ಆದರೆ ಬಿಗಿಹಿಡಿದ ಎದೆ ಸಡಿಲವಾಗಿತ್ತು.

ಕಣ್ಣು ತೆರೆದರೆ ಅತ್ತೆ ಮಂಚದ ಪಕ್ಕ ನಿಂತು ನನ್ನ ಖಾಲಿ ಕೈಯನ್ನೇ ನೋಡುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮಂಚದ ಅಂಚಿಗೆ ಕೂತರು.

"ಗಿರಿಜಾ, ನನ್ನಿಂದ ತಪ್ಪಾತು. ಅವು ಕಳದಿಲ್ಲ, ನನ್ನ ಮಡ್ಲಾಗೇ ಅದಾವೆ. ಆದ್ರೆ ನಿಂದು ಯಾವ್ದು, ಕೂಸಿಂದು ಯಾವ್ದು, ನಂಗೆ ಗೊತ್ತಾಗ್ತಿಲ್ಲ."

ಆಮೇಲೆ ತಡೆತಡೆದು ಎಲ್ಲ ಹೇಳಿದರು. ನನ್ನನ್ನು ಒಳಗೆ ಒಯ್ದ ಮೇಲೆ ಅವರು ಬೆಂಚಿನ ಮೇಲೆ ಕೂತು, ಎರಡೂ ಗಂಟು ಬಿಚ್ಚಿ, ಎರಡು ಲಿಂಗಗಳನ್ನೂ ಎಡ ಅಂಗೈ ಮೇಲಿಟ್ಟುಕೊಂಡು, ವಿಭೂತಿ ಧರಿಸಿ ಜಪಕ್ಕೆ ಕೂತರಂತೆ. ಹೋಗಿಬರುವವರೆಲ್ಲ ನೋಡುತ್ತಿದ್ದರೂ ಅಲ್ಲಾಡಲಿಲ್ಲವಂತೆ. ಡಾಕ್ಟರಮ್ಮ ಬಾಗಿಲು ತೆಗೆದು, ಹೆಣ್ಣುಮಗು, ಆದರೆ ಭರವಸೆ ಹೇಳಲಾರೆ ಎಂದಾಗ ಗಾಬರಿಯಲ್ಲಿ ಎದ್ದು ನಿಂತು ಮುಷ್ಟಿ ಮುಚ್ಚಿಬಿಟ್ಟರಂತೆ. ತೆರೆದು ನೋಡಿದರೆ ಎರಡೂ ಒಂದೇ ಥರ. ಮಬ್ಬುಗಣ್ಣಿಗೆ ಗುರುತು ಹತ್ತಲಿಲ್ಲ.

"ಅದಕ್ಕೇ ಕೂಸು ಹಾಲು ಎಳೀತಿಲ್ಲ. ನಿನ್ನ ಕೈಗೆ ಕೂಸಿಂದು ಕೊಟ್ರೆ ಹೆಂಗೆ, ಕೂಸಿಗೆ ನಿಂದು ಕಟ್ಟಿದ್ರೆ ಹೆಂಗೆ ಅಂತ ನಂಗೆ ಕೈಯೇ ಬರ್ಲಿಲ್ಲ."

ನನ್ನ ನೆತ್ತಿಗೆ ರಕ್ತ ಏರಿತು. ಇಷ್ಟು ದಿನ ಬಾಯಿಬಿಡದೆ ಇದ್ದರಲ್ಲ ಎಂದು ಮಾತು ತುದಿನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಅವರ ಎಡಗೈ ಕಣ್ಣಿಗೆ ಬಿತ್ತು. ಮೊಣಕೈಯಿಂದ ಕೆಳಗೆ ಸೆಟೆದು ಸ್ವಲ್ಪ ಊದಿಕೊಂಡಿತ್ತು. ಸೆರಗಿನೊಳಗೆ ಅಡಗಿಸಿಟ್ಟುಕೊಂಡಿದ್ದರು. ಆಪರೇಷನ್ ಮುಗಿಯುವವರೆಗೆ ಕೆಳಗಿಳಿಸದೆ ಹಿಡಿದಿದ್ದ ಕೈ ಅದು. ಮಾಡಬಾರದು ಎಂದು ನಂಬಿದ್ದನ್ನು ನನ್ನ ಸಲುವಾಗಿ ಮಾಡಿದ ಕೈ. ನನಗೆ ತಾಯಿ ಹೋದ ಮೇಲೆ ನನಗಾಗಿ ಯಾರೂ ಅಷ್ಟು ಹೊತ್ತು ಏನನ್ನೂ ಹಿಡಿದುಕೊಂಡು ಕೂತಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಕಾಣೆ.

"ಬಿಡ್ರಿ ಅತ್ತೆ, ಅಳಬ್ಯಾಡ್ರಿ" ಎಂದೆ. "ನಿಮ್ಮ ಕೈಗೆ ಯಾವ್ದು ಬರ್ತೈತೋ ಅದನ್ನ ನನಗೆ ಕೊಡ್ರಿ. ಉಳಿದದ್ದು ಅವಳಿಗೆ ಕಟ್ರಿ. ಇಬ್ರನ್ನೂ ನೋಡ್ಕಳೋನು ಒಬ್ನೇ ಅಲ್ಲೇನು?"

"ನೀನು ಆರಿಸ್ಕ" ಎಂದರು ಅಳುತ್ತಲೇ.

"ಇಲ್ರಿ. ನೀವೇ ಕೊಡ್ರಿ."

ಅವರು ಕಣ್ಣು ಮುಚ್ಚಿ ಮಡಿಲೊಳಗೆ ಕೈಹಾಕಿ ಒಂದನ್ನು ತೆಗೆದು ನನ್ನ ತೆರೆದ ಅಂಗೈಗೆ ಇಟ್ಟರು. ನಾನು ಅಲ್ಲೇ ಪೂಜೆ ಮಾಡಿ ಕೆಂಪು ವಸ್ತ್ರದಲ್ಲಿ ಕಟ್ಟಿಕೊಂಡೆ. ಇನ್ನೊಂದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಸಿಸ್ಟರ್ ಒಪ್ಪಿಗೆ ಪಡೆದು, ಮಗುವಿನ ಹತ್ತಿಯ ಹೊದಿಕೆಗೆ ಸೇರಿಸಿ ಕಟ್ಟಿದರು.

ಅದೇ ಮಧ್ಯಾಹ್ನ ಸಿಸ್ಟರ್ ಮಗುವನ್ನು ತಂದು ನನ್ನ ಎದೆಗೆ ಹಿಡಿದರು. ನಾನು ಬಾಯಿ ತೆರೆಸಲು ಹೋಗಲಿಲ್ಲ, ಕೆನ್ನೆ ತಟ್ಟಲಿಲ್ಲ, ಸುಮ್ಮನೆ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಚುಳ್ ಎಂದಿತು. ನನಗೇ ನಂಬಿಕೆಯಾಗದೆ ಸಿಸ್ಟರ್ ಮುಖ ನೋಡಿದೆ. ಅವರು ಬಗ್ಗಿ ನೋಡಿ, "ಎಳೀತಿದಾಳೆ, ಎಳೀತಿದಾಳೆ. ಮಾತಾಡಬೇಡಿ ಯಾರೂ" ಎಂದು ಪಿಸುಗುಟ್ಟಿದರು. ಮಗುವಿನ ಗಂಟಲು ಮೆಲ್ಲಗೆ ಏರಿಳಿಯುತ್ತಿತ್ತು. ಅತ್ತೆ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಯಜಮಾನರು ಬಾಗಿಲಲ್ಲಿ ಒಳಗೂ ಬರಲಾರದೆ ಹೊರಗೂ ಹೋಗಲಾರದೆ ನಿಂತಿದ್ದರು. ಆ ಕ್ಷಣದ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ, ಇಷ್ಟು ವರ್ಷವಾದರೂ ಬಂದಿಲ್ಲ.

ಡಾಕ್ಟರಮ್ಮನನ್ನು ಕೇಳಿದರೆ, "ಹುಟ್ಟಿದ ಕೂಡಲೇ ಬಲ ಇರಲ್ಲ, ಕೆಲವು ಮಕ್ಕಳಿಗೆ ಆಮೇಲೆ ಬರುತ್ತೆ" ಎಂದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಕೈಗುಣ, ಸಿಸ್ಟರ್ ತಾಳ್ಮೆ ಇಲ್ಲದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ. ಆ ಬಲ ಎಲ್ಲಿಂದ ಬಂತು ಎಂದು ಮಾತ್ರ ನಾನು ನನ್ನೊಳಗೆ ಬಲ್ಲೆ.

ಮಗುವನ್ನು ಎತ್ತಿಕೊಂಡು ನ್ಯಾಮತಿಗೆ ಬಂದ ಮೇಲೆ ಅತ್ತೆ ಅಯ್ಯನವರನ್ನು ಕರೆಸಿ ಎಲ್ಲ ಒಪ್ಪಿಸಿದರು. ಅಯ್ಯನವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ ನಕ್ಕರು. "ಕೊಟ್ಟೋನು ನಾನೇ, ನಂಗೂ ಗುರ್ತು ಹತ್ತವಲ್ದು ಬಸಮ್ಮ. ಮನಸ್ಸಿಗೆ ಸಮಾಧಾನ ಆಗಲಿಲ್ಲಂದ್ರೆ ಹೊಸಾವು ಕಟ್ಟಾಣ, ಏನಂತಿ ಗಿರಿಜಮ್ಮ?" ಎಂದರು. ಹಿಂದಿನ ಗಿರಿಜಮ್ಮನಾಗಿದ್ದರೆ ಎರಡಕ್ಕೂ ಗುರುತು ಕೆತ್ತಿಸಿಕೊಡಿ ಎನ್ನುತ್ತಿದ್ದಳು. ನಾನು ಬೇಡವೆಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಅಯ್ಯನವರು ಮಗುವಿನ ಹಣೆಗೆ ವಿಭೂತಿ ಹಚ್ಚಿ ಶಿವಲೀಲಾ ಎಂದು ಹೆಸರಿಟ್ಟರು.

ನಾನು ಪೂರ್ತಿ ಬದಲಾದೆ ಎಂದು ಹೇಳಿದರೆ ನಮ್ಮ ಯಜಮಾನರು ನಗುತ್ತಾರೆ. ಗಿರಣಿಯ ಬೆಲ್ಟಿನ ವಿಷಯ ಈಗಲೂ ನನ್ನದೇ. ಆದರೆ ಮಗಳಿಗೆ ಜ್ವರ ಬಂದಾಗ, ಮಳೆಗಾಲದಲ್ಲಿ ಶಾಲೆಯಿಂದ ತಡವಾದಾಗ, ಮಾಡುವುದನ್ನೆಲ್ಲ ಮಾಡಿ ಆಮೇಲೆ ಅಂಗೈ ತೆರೆದು ಕೂರುವುದನ್ನು ಕಲಿತಿದ್ದೇನೆ.

ಶಿವಲೀಲಾ ಈಗ ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ. ಹೋದ ವರ್ಷ ಅತ್ತೆ ಲಿಂಗೈಕ್ಯರಾದರು. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಕೊಟ್ಟೆವು. ಮನೆಗೆ ಬಂದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು. ಆಸ್ಪತ್ರೆಯ ಕಥೆಯೆಲ್ಲ ಅಜ್ಜಿಯ ಬಾಯಿಂದಲೇ ಕೇಳಿದ್ದಳು.

"ಅವ್ವಾ, ನಾಳಿ ಅಜ್ಜಿಗೆ ಇಟ್ಟಂಗೆ ನಿನ್ನ ಕೈಯಾಗೆ ಇಡೋ ಲಿಂಗ ನಂದೇ ಆಗಿದ್ರೆ?" ಎಂದು ಕೇಳಿದಳು.

ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. "ಹಂಗಾದ್ರೆ ನಿಂದು ನನ್ನ ಜತಿಗೆ ಬಂದಂಗಾತು. ನಂದು ಇಲ್ಲಿ ನಿನ್ನ ಜತಿಗೆ ಇರ್ತೈತೆ. ನೀನು ಒಬ್ಬಳೇ ಆಗಲ್ಲ" ಎಂದೆ.

ಅವಳು ಕೊರಳಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನದನ್ನೂ ಮುಟ್ಟಿದಳು. "ಹಂಗಾದ್ರೆ ಗುರ್ತು ಹತ್ತದೇ ಇರೋದೇ ಚಲೋ ಬಿಡವ್ವ" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.